ಅಟ್ಟಣೆಯ ಮೇಲಿನ ಹುಡುಗಿ

ತೆರಕಣಾಂಬಿ ದಾಟಿದ ಮೇಲೆ ಸೂರ್ಯಕಾಂತಿ ಹೊಲ, ಹೂವೆಲ್ಲ ಬಸ್ಸಿಗೆ ಬೆನ್ನು ಹಾಕಿ ನಿಂತಿವೆ, ಯಾರ ಮೇಲೆ ಮುನಿಸೋ, ಶಾಂತಮಲ್ಲಮ್ಮ ಕಿಟಕಿಯ ಕಂಬಿಗೆ ಹಣೆ ಕೊಟ್ಟಳು, ಕಂಬಿ ಬಿಸಿ, ಪಕ್ಕದಲ್ಲಿ ಸೋದರತ್ತೆ ಪುಟ್ಟಮಾದಮ್ಮ ಬಾಯಿ ತೆರೆದು ನಿದ್ದೆ ಹೋಗಿದ್ದಾಳೆ — ಹೇಳುವುದನ್ನು ಹೇಳಿ ಮುಗಿಸಿ ಹಾಯಾಗಿ ನಿದ್ದೆ, ಪುಣ್ಯಾತಗಿತ್ತಿ. ಅದು ನೀನಲ್ಲ ಕಣಮ್ಮಿ, ಅಂದಳಲ್ಲ, ಗುಂಡ್ಲುಪೇಟೆ ಸ್ಟ್ಯಾಂಡಿನಲ್ಲಿ ಎಲೆಗೆ ಸುಣ್ಣ ಸವರುತ್ತ, ಚಾಮರಾಜನಗರದ ಬಸ್ಸು ಇದೇನಾ ಎಂದು ಕೇಳುವ ದನಿಯಲ್ಲೇ, ಅಟ್ಟಣ ಮ್ಯಾಲಿದ್ದವಳು ನಿನ್ನಕ್ಕ, ನೀನಿನ್ನೂ ಹುಟ್ಟೇ ಇರ್ನಿಲ್ಲ, ತಿಥಿ ಮನೇಲಿ ನಾಕ್ ಜನದ ಮುಂದ ಯಾಕ ಅಂತ ಬಾಯ್ ಮುಚ್ಕಂಡಿದ್ದೆ. ಬೆಳಿಗ್ಗೆ ತವರೂರು ಹಂಗಳದಲ್ಲಿ ಅಪ್ಪನ ತಿಥಿ, ಊಟಕ್ಕೆ ಎಲೆ ಹಾಕುವ ಮುಂಚೆ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಶಾಂತಮಲ್ಲಮ್ಮ ಅದೇ ಕಥೆ ಹೇಳಿದ್ದಳು, ಇರುವುದೇ ಅದೊಂದು, ರಾಗಿ ಹೊಲ ಕಾಯುವ ಅಟ್ಟಣೆ, ಮುಚ್ಚಂಜೆ, ಕಾಡಿನಿಂದ ಇಳಿದು ಬಂದ ಆನೆ, ತಾನು ಕಿರುಚಬಾರದೆಂದು ಅಪ್ಪ ತೊಡೆಯ ಮೇಲೆಳೆದುಕೊಂಡು ಬಾಯಿಗೆ ಅಂಗೈ ಒತ್ತಿ ಹಿಡಿದದ್ದು, ಅಂಗೈಯಲ್ಲಿ ಬೀಡಿಯ ವಾಸನೆ, ಅದರ ಮೇಲೆ ಅರಳಿದ ಎರಡು ಕಣ್ಣು. ಅಪ್ಪ ಅವಳನ್ನು ಮುಟ್ಟಿದ್ದು ಅದೊಂದೇ ಸಲ. ಈಗ ಅದೂ ಇಲ್ಲವೆಂದರೆ ಅಪ್ಪನಿಂದ ಅವಳಿಗೆ ಉಳಿದದ್ದೇನು, ಏನೂ ಇಲ್ಲ, ಸೊನ್ನೆ.

ಮೊದಲೊಂದು ಕೂಸು ಹೋಗಿತ್ತು ಎಂದು ಗೊತ್ತಿತ್ತು, ಯಾರ ಮನೆಯಲ್ಲಿ ಹೋಗಿರಲಿಲ್ಲ, ತೊಟ್ಟಿಲಲ್ಲೇ ಹೋಗಿರಬೇಕೆಂದು ತಾನೇ ಅಂದುಕೊಂಡಿದ್ದಳು — ತೊಟ್ಟಿಲಲ್ಲಲ್ಲ, ಓಡಾಡುವ ಹುಡುಗಿ, ಆರು ತುಂಬಿತ್ತು, ಸಿಡುಬು ಬಂತು. ಅವಳ ಹೆಸರೂ ಶಾಂತಮಲ್ಲಮ್ಮ. ದೇವ್ರಿಗೆ ಹರಕ ಹೊತ್ತು ಇಟ್ಟ ಹೆಸ್ರು, ಬುಡಕಾಯ್ತದಾ, ಅದ್ನೇ ನಿನ್ಗೂ ಇಟ್ರು, ಅಂದಳು ಅತ್ತೆ. ಹೆಸರು ಅವಳದು, ಆನೆ ಅವಳದು, ಅಂಗೈಯೂ ಅವಳದೇ, ಹಾಗಾದರೆ ಗಂಡನ ಮನೆಯಲ್ಲಿ ಇಷ್ಟು ವರ್ಷ ಬೇಯಿಸಿ ಬಡಿಸಿದವಳು ಯಾರು, ಸತ್ತವಳ ಬಟ್ಟೆ ತೊಟ್ಟ ಇನ್ನೊಬ್ಬಳೆ, ಹುಚ್ಚು ಯೋಚನೆ, ಕಂಡಕ್ಟರ್ ಮುಂದಿನ ಸೀಟಿನವನ ಹತ್ತಿರ ಚಿಲ್ಲರೆಗೆ ಜಗಳ ತೆಗೆದಿದ್ದಾನೆ, ಹೋದ ಮಗುವಿನ ಬೆನ್ನಿಗೆ ಹುಟ್ಟಿದ್ದನ್ನು ಹೆತ್ತಪ್ಪ ಎತ್ತಬಾರದು, ಅವನ ಆಸೆಯೇ ಕಣ್ಣಾಗಿ ತಾಗುತ್ತದೆ ಎಂದು ಅಜ್ಜಿಯ ಕಟ್ಟಪ್ಪಣೆ, ಹುಟ್ಟಿದ ದಿನವೇ ತಿಪ್ಪೆಯ ಮೇಲೆ ಮಲಗಿಸಿ ಪಕ್ಕದ ಮನೆಯ ಮರಿತಾಯಮ್ಮನಿಂದ ಎತ್ತಿಸಿದರಂತೆ, ಒಂದು ಮೊರ ತೌಡು ಕೊಟ್ಟು ತಿರುಗಿ ಕೊಂಡರಂತೆ. ಅಪ್ಪ ಆ ಮಾತಿಗೆ ಕಟ್ಟುಬಿದ್ದ. ಅವಳು ಮೈನೆರೆದಳು, ಮದುವೆಯಾದಳು, ಧಾರೆಯ ದಿನವೂ ಚಿಕ್ಕಪ್ಪ ಚಿಕ್ಕಮಲ್ಲಪ್ಪನೇ ಕೈ ಹಿಡಿದು ಕೊಟ್ಟದ್ದು, ಅಪ್ಪ ಚಪ್ಪರದ ಗೂಟಕ್ಕೆ ಒರಗಿ ನಿಂತಿದ್ದ, ಎಷ್ಟು ಸಿಟ್ಟು ಬಂದಿತ್ತು ಅವಳಿಗೆ, ಕಲ್ಲು ಎಂದು ಬೈದುಕೊಂಡಿದ್ದಳು, ಬೈದುಕೊಂಡಾಗಲೂ ಅಟ್ಟಣೆ ಇತ್ತಲ್ಲ, ಒಂದು ಸಲವಾದರೂ ಎತ್ತಿಕೊಂಡಿದ್ದನಲ್ಲ ಎಂದು ಸಮಾಧಾನ.

ಆದರೆ ಕಥೆ ಅವಳಿಗೆ ಬಂದದ್ದೆಲ್ಲಿಂದ, ಅವ್ವ ಹೇಳಿದವಳಲ್ಲ, ಅವ್ವ ಆ ಕೂಸಿನ ಮಾತೆತ್ತಿದರೆ ಸೆರಗು ಬಾಯಿಗಿಡುತ್ತಿದ್ದಳು, ಒಂದು ದಿನ, ಹೌದು, ಹುರುಳಿ ಒಕ್ಕುವ ಕಣದಲ್ಲಿ, ಚಿಕ್ಕಪ್ಪ ತನ್ನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ, ಅಪ್ಪ, ನೀ ಯಾಕ ನನ್ನ ಎತ್ಕಳಕಿಲ್ಲ, ಅಂದಿದ್ದಳು, ಅಪ್ಪ ದೂರದಲ್ಲೇ ಕುಕ್ಕರುಗಾಲಲ್ಲಿ ಕೂತು, ಎತ್ಕಂಡಿದ್ದೆ ಕಣವ್ವ, ಅಟ್ಟಣ ಮ್ಯಾಲ, ಆನ ಬಂದಾಗ, ನಿಂಗ ಗ್ಯಾಪ್ನ ಇಲ್ವಾ, ಎಂದ — ಎಂದನೆ, ಇಲ್ಲ ಈಗ ಈ ಬಸ್ಸಿನಲ್ಲಿ ಕೂತು ತಾನೇ ಅವನ ಬಾಯಿಗೆ ಮಾತು ತುರುಕುತ್ತಿದ್ದಾಳೆಯೆ, ಬೀಡಿಯ ವಾಸನೆಯೇನು, ಅದು ಊರಿನ ಗಂಡಸರ ಮೈಯಲ್ಲೆಲ್ಲ ಇತ್ತು. ಕಣ್ಣು ಮುಚ್ಚಿ ನೋಡು ಎಂದುಕೊಂಡಳು, ನೀನೇ ಆಗಿದ್ದರೆ ಆನೆ ಕಾಣಬೇಕು. ಮುಚ್ಚಿದಳು. ಆನೆ ಇಲ್ಲ. ಅದರ ದಂತ, ಬಾಲ, ಅದು ಮುರಿದ ಬೇಲಿ ಎಲ್ಲ ಮಕ್ಕಳಿಗೆಂದು ತಾನೇ ಸೇರಿಸಿದ್ದು. ಕಾಣುವುದು ಒಂದು ಪುಟ್ಟ ಮುಖ, ಮೇಲಿನಿಂದ, ತೀರ ಹತ್ತಿರದಿಂದ, ತನ್ನ ಮುಖ ತನಗೆ ಹಾಗೆ ಕಂಡೀತೆ, ಅಕ್ಕನಿಗಾದರೂ ಅವಳ ಮುಖ ಕಂಡಿರುವುದುಂಟೆ, ಆ ಮುಚ್ಚಂಜೆಯಲ್ಲಿ ಆ ಮುಖ ಕಂಡವನು ಅಪ್ಪ ಒಬ್ಬನೇ, ಹಾಗಾದರೆ ಇಷ್ಟು ವರ್ಷ ತಾನು ನೋಡುತ್ತಿದ್ದದ್ದು ಅವನು ಕಂಡದ್ದನ್ನು, ಎತ್ತಿಕೊಳ್ಳಲಾರದವನು ತನ್ನ ಕಣ್ಣನ್ನೇ ತೆಗೆದು ಕೊಟ್ಟಿದ್ದ, ಅಯ್ಯೋ ಅಪ್ಪಾ, ಬಸ್ಸು ಹಳ್ಳಕ್ಕೆ ಬಿದ್ದು ಎದ್ದಿತು, ಅತ್ತೆಯ ತಲೆ ಅವಳ ಭುಜಕ್ಕೆ ವಾಲಿತು, ಅವಳು ಕಣ್ಣು ತೆರೆಯಲಿಲ್ಲ, ಅಂಗೈಯ ಮೇಲೆ ಎರಡು ಕಣ್ಣು, ಆನೆಯ ಕಡೆಗಲ್ಲ, ರೆಪ್ಪೆ ಬಡಿಯದೆ ಇವಳ ಕಡೆಗೆ, ಅಪ್ಪನನ್ನು ನೋಡುವ ಹಾಗೆ