ಅಣ್ಣನ ಮೇಲೆ ಆಡಿದ ಮಾತು

ಬಾಗಿಲು ತೆರೆದ ಅತ್ತಿಗೆ ಹಿಸ್ಕೆ ಒಳಗೆ ಬಾ ಎನ್ನಲಿಲ್ಲ. ವೀಬ್ರೆನ್ ಆಸ್ಪತ್ರೆಯ ಲಕೋಟೆ ಹಿಡಿದು ಮೆಟ್ಟಿಲ ಮೇಲೆಯೇ ನಿಂತ. ಅಣ್ಣ ಯೆಲ್ಲೆ ತೀರಿಕೊಂಡ ಮೇಲಿನ ಒಂಬತ್ತು ವರ್ಷಗಳಲ್ಲಿ ಅವನು ಈ ಮನೆಯತ್ತ ಸುಳಿದಿರಲಿಲ್ಲ.

ಫ್ರೀಸ್‌ಲ್ಯಾಂಡಿನ ಆ ಸಣ್ಣ ಊರಿನಲ್ಲಿ ಯೆಲ್ಲೆ ಹಾಲಿನ ಡೇರಿಯ ಕೆಲಸಗಾರ. ಕೊನೆಯ ವರ್ಷ ನಡೆಯುವಾಗ ತೂರಾಡುತ್ತಿದ್ದ, ಹಾಡಹಗಲೇ ಕಾಲುವೆಯ ಏರಿಯ ಮೇಲೆ ಕುಸಿದು ಕೂರುತ್ತಿದ್ದ. ಹೃದಯ ಊದಿಕೊಂಡು ಸತ್ತನೆಂದು ವೈದ್ಯರು ಹೇಳಿದಾಗ ಊರು ಕಾರಣವನ್ನು ತಾನೇ ಕಂಡುಕೊಂಡಿತು. ಮಣ್ಣು ಮಾಡಿ ಬಂದು ಚರ್ಚಿನ ಹಿಂದಿನ ಕೋಣೆಯಲ್ಲಿ ಕಾಫಿ ಕುಡಿಯುತ್ತ, "ಬಾಟ್ಲಿ ನಮ್ಮಣ್ಣನ್ನ ತಿಂತು" ಎಂದು ಎಲ್ಲರೆದುರು ಹೇಳಿದವನು ವೀಬ್ರೆನ್. ಮುಂದಿನ ಭಾನುವಾರದಿಂದ ಹಿಸ್ಕೆ ಚರ್ಚಿಗೆ ಬರುವುದನ್ನೇ ಬಿಟ್ಟಳು.

ಈ ವರ್ಷ, ಎಲೆ ಉದುರುವ ಹೊತ್ತಿಗೆ, ವೀಬ್ರೆನ್ನೇ ಬ್ರೆಡ್ಡಿನ ಅಂಗಡಿಯ ಮುಂದೆ ಸೈಕಲ್ಲಿನಿಂದ ಬಿದ್ದಿದ್ದ. ಎತ್ತಲು ಬಂದ ನೆರೆಯವನು ಮೊದಲು ಅವನ ಬಾಯಿ ಮೂಸಿ ನೋಡಿದ್ದ.

ವೈದ್ಯೆ ನಿಧಾನವಾಗಿ ವಿವರಿಸಿದ್ದಳು. ಈ ಸೀಮೆಯ ಎಷ್ಟೋ ಮನೆತನಗಳಲ್ಲಿ ತಲೆಮಾರುಗಳಿಂದ ಹರಿದು ಬಂದ ಹೃದಯದ ದೋಷ ಇದು. ಸಾಲದ್ದಕ್ಕೆ, ಮೈ ಕಾಯಬೇಕಾದ ಶಕ್ತಿಯೇ ಹೃದಯದ ಸ್ನಾಯುವನ್ನು ಶತ್ರುವೆಂದು ಬಗೆದು ತಿರುಗಿಬಿದ್ದಿದೆ. ಅಣ್ಣನದೂ ಇದೇ ಇದ್ದಿರಬೇಕು, ಅವನ ಮಕ್ಕಳಿಗೆ ತಿಳಿಸಿ ಎಂದು ಪತ್ರ ಕೊಟ್ಟಿದ್ದಳು.

ಅದನ್ನೆಲ್ಲ ಅವನು ಈಗ ಹಿಸ್ಕೆಯ ಮುಂದೆ ತಲೆತಗ್ಗಿಸಿಕೊಂಡೇ ಒಪ್ಪಿಸಿದ.

"ಅವ್ರ ಲಿವರ್‌ನಲ್ಲಿ ಕುಡಿತದ ಗುರುತೇ ಇಲ್ಲ ಅಂತ ಡಾಕ್ಟ್ರು ಆಗ್ಲೇ ಹೇಳಿದ್ರು," ಎಂದಳು ಹಿಸ್ಕೆ. "ನಿಂಗೆ ಹೇಳೋಣ ಅಂತ ನಿನ್ನ ಮನೆಗೆ ಬಂದಿದ್ದೆ. ನನ್ನ ನೋಡಿ ನೀನು ಕಿಟಕಿ ಪರದೆ ಎಳ್ಕೊಂಡೆ."

ವೀಬ್ರೆನ್‌ಗೆ ಅದು ನೆನಪಿತ್ತು.

"ಬಾವ್ಕೆಗೆ ಪರೀಕ್ಷೆ ಮಾಡಿಸ್ಬೇಕು ಅತ್ತಿಗೆ. ಅಲ್ಲೀವರ್ಗೂ ಅವ್ಳು ಸ್ಕೇಟಿಂಗ್‌ಗೆ ಇಳೀಬಾರ್ದಂತೆ."

"ಅವ್ಳಿಗೆ ನೀನೇ ಹೇಳು. ಅವ್ರಪ್ಪನ ವಿಷ್ಯಾನೂ ಹೇಳು."

ಶಾಲೆಯಲ್ಲಿ ಕುಡುಕನ ಮಗಳು ಎನ್ನಿಸಿಕೊಂಡೇ ಬೆಳೆದ ಬಾವ್ಕೆಗೆ ಈಗ ಹದಿನೆಂಟು. ಜಿಲ್ಲೆಯ ಐಸ್ ಸ್ಕೇಟಿಂಗ್ ತಂಡದಲ್ಲಿದ್ದಳು. ತಾಯಿ ಕರೆದಾಗ ಹೊರಗೆ ಬಂದು, ಅವಳ ಪಕ್ಕ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಅವನ ಕೈಯಿಂದ ಲಕೋಟೆ ತೆಗೆದುಕೊಂಡು, ತಿರುಗಿಸಿ ಮೇಲಿನ ತಾರೀಖು ನೋಡಿದಳು.

"ಇದು ನಿಮ್ಗೆ ಕೊಟ್ಟು ಮೂರು ವಾರ ಆಯ್ತಲ್ಲ, ಚಿಕ್ಕಪ್ಪ."

"ಹೂಂ."

"ಈ ಮಧ್ಯೆ ನಾನು ಎರಡು ರೇಸ್ ಓಡಿದೀನಿ."

ದಿನಾ ಈ ಬೀದಿಯ ತಿರುವಿನವರೆಗೆ ಬಂದು, ನಾಚಿಕೆಯಾಗಿ ಹಿಂದಿರುಗುತ್ತಿದ್ದೆ ಎನ್ನಬೇಕೆಂದುಕೊಂಡ. ಅದರ ಬದಲು ಒಂದು ಮೆಟ್ಟಿಲು ಕೆಳಗಿಳಿದ.

ಬಾವ್ಕೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಪತ್ರ ಬಿಡಿಸಿದಳು. ಕಾಲುವೆಯ ಕಡೆಯ ಗಾಳಿಗೆ ಹಾಳೆ ಪಟಪಟಿಸಿತು. ಹಿಸ್ಕೆ ಮಗಳ ಪಕ್ಕ ಬಗ್ಗಿ ಹಾಳೆಯ ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು.