ನಾಲ್ಕು ಗಂಟೆಯ ನೆರಳು

ಅಪ್ಪನ ಕಾಲಿಗೆ ಬೇಕಾಗಿದ್ದದ್ದು ಹತ್ತು ಹೆಜ್ಜೆ ಜಾಗ. ಮನೆಯೊಳಗೆ ಯಾವ ದಿಕ್ಕಿಗೆ ನಡೆದರೂ ಆರನೇ ಹೆಜ್ಜೆಗೆ ಮಂಚವೋ ಹೊಲಿಗೆ ಮಿಷನ್ನೋ ಅಡ್ಡ ಬರುತ್ತಿತ್ತು. ನೇರವಾಗಿ ಹತ್ತು ಹೆಜ್ಜೆ ಸಿಗುತ್ತಿದ್ದದ್ದು ಹಿತ್ತಲಲ್ಲಿ ಮಾತ್ರ. ಅಡುಗೆಮನೆಯ ಬಾಗಿಲಿನಿಂದ ಹಿಂದಿನ ಗೋಡೆಯವರೆಗೆ ಉದ್ದಕ್ಕೆ ಕಲ್ಲುಹಲಗೆ ಹಾಸಿದ ಜಗಲಿ. ಮೇಲೆ ಮಾತ್ರ ಬರೀ ಆಕಾಶ.

ಲಕ್ವ ಹೊಡೆದು ಎರಡು ತಿಂಗಳಾಗಿತ್ತು. ವ್ಯಾಯಾಮ ಹೇಳಿಕೊಡಲು ಬರುವ ಹುಡುಗಿ ಮುಚ್ಚುಮರೆ ಇಲ್ಲದೆ ಹೇಳಿದ್ದಳು: "ಇನ್ನೊಂದೆರಡು ತಿಂಗಳು ಬಿಡದೆ ನಡೆಸಿ. ಈಗ ಕಲಿತಷ್ಟೇ ಕಾಲು. ಆಮೇಲೆ ಕಷ್ಟ." ಅಪ್ಪ ಒಬ್ಬರೇ ನಡೆಯುವಂತಿರಲಿಲ್ಲ, ಪಕ್ಕದಲ್ಲಿ ಯಾರಾದರೂ ಇರಬೇಕು. ಮುಂಜಾನೆಯೇ ಹೊರಡುವ ಮಗಳು ಯೂನಿಫಾರಂ ಹೊಲಿಯುವ ಕಾರ್ಖಾನೆಯಿಂದ ಮನೆ ಸೇರುವುದೇ ನಾಲ್ಕಕ್ಕೆ, ಐದಕ್ಕೆಲ್ಲ ಮನೆಯ ಮಿಷನ್ನಿನ ಮುಂದೆ ಕೂರಬೇಕು. ಅಳಿಯನಿಗೆ ಬೇಕರಿಯಲ್ಲಿ ಒಲೆಯ ಮುಂದೆ ಕೆಲಸ. ಇಬ್ಬರಿಗೂ ವಾರಕ್ಕೊಂದೇ ರಜೆ, ಒಂದೇ ದಿನ. ನಾಲ್ಕು ಗಂಟೆಗೆ ಆ ಜಗಲಿ ಕಾದ ಹೆಂಚು. ಅಪ್ಪ ಹೊಸ್ತಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿ, "ನಾಳೆ ನೋಡೋಣ ಮರಿ" ಎಂದು ಒಳಗೆ ತಿರುಗಿಬಿಡುತ್ತಿದ್ದರು. ಹಾಗೆ ನಾಳೆ ನಾಳೆ ಎನ್ನುತ್ತಲೇ ಎರಡು ವಾರ ಕಳೆದಿದ್ದವು.

ನೆರಳಿಗೆ ಏನಾದರೂ ಮಾಡಲೇಬೇಕಿತ್ತು. ತಗಡಿನ ಮಾಡು ಕೈಗೆಟುಕುವಂತಿರಲಿಲ್ಲ. ದೊಡ್ಡ ಕೊಡೆ ಹತ್ತು ಹೆಜ್ಜೆಯಲ್ಲಿ ಮೂರಕ್ಕಷ್ಟೇ ಸಾಕು. ಕೊನೆಗೆ ಉಳಿದದ್ದು ನರ್ಸರಿಯವರು ಗಿಡಗಳ ಮೇಲೆ ಕಟ್ಟುವ ಹಸಿರು ಬಲೆ, ಶೇಡ್ ನೆಟ್.

ಟಾರ್ಪಾಲಿನ್ ಅಂಗಡಿಯವನು ಮೂರು ಸುರುಳಿ ಬಿಚ್ಚಿದ. "ಐವತ್ತು, ಎಪ್ಪತ್ತೈದು, ತೊಂಬತ್ತು. ಯಾವ್ದು ಬೇಕಕ್ಕಾ?"

"ತೊಂಬತ್ತು ಅಂದ್ರೆ ಏನು?"

"ನೂರರಲ್ಲಿ ತೊಂಬತ್ತು ಪಾಲು ಬಿಸಿಲು ಹೊರಗೇ ನಿಲ್ಲುತ್ತೆ."

"ಅಳೆದು ನೋಡಿದವರು ಯಾರು?"

ಅಂಗಡಿಯವನಿಗೆ ಇಷ್ಟು ವರ್ಷದ ವ್ಯಾಪಾರದಲ್ಲಿ ಈ ಪ್ರಶ್ನೆ ಬಂದಿರಲಿಲ್ಲ. ಆಕೆ ಮೂರು ತುಂಡನ್ನೂ ಬೀದಿಗೆ ಒಯ್ದು, ಒಂದೊಂದರ ಕೆಳಗೂ ಮುಂಗೈ ಇಟ್ಟು ನೂರು ಎಣಿಸಿದಳು. ಐವತ್ತರ ಕೆಳಗೆ ಚರ್ಮ ಚುರುಗುಟ್ಟಿತು. ತೊಂಬತ್ತರ ಕೆಳಗೆ ತಂಪು, ಆದರೆ ಬೆಲೆ ಬಿಸಿ. ಎಪ್ಪತ್ತೈದರಲ್ಲಿ ಎರಡೂ ತಡೆಯುವಂತಿತ್ತು.

"ಅಕ್ಕಾ, ಗಿರಾಕಿಗಳು ಕಾಯ್ತಿದಾರೆ. ನಿಮ್ಮ ಕೈ ಬೆಂದಿದ್ರೆ ಹೇಳಿ, ಕಟ್ಟಿಕೊಡ್ತೀನಿ."

ಮಧ್ಯಾಹ್ನ ಒಂದಕ್ಕೆ ಅಪ್ಪನಿಗೆ ಊಟ ಕೊಡಲು ಓಡಿ ಬರುತ್ತಿದ್ದ ಆ ಅರ್ಧ ಗಂಟೆಯಲ್ಲೇ ಆಕೆ ಜಗಲಿಯ ಅಳತೆ ತೆಗೆದದ್ದು. ಉದ್ದ, ಅಗಲ, ಅಂಚು ಮಡಚಲು ಎರಡು ಬೆರಳು ಹೆಚ್ಚು. ರಜೆಯ ದಿನ ಗಂಡ ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣದ ಕಂಬ ನೆಟ್ಟ. ಬಲೆ ಏರಿಸಿ ಹಗ್ಗ ಬಿಗಿದಾಗ ಗಂಟೆ ಒಂದು. ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ನೆರಳು ಜಗಲಿಯ ಮೇಲೆ ಕೂತಿತ್ತು. ಎಲ್ಲೂ ಒಂದು ಸುಕ್ಕಿಲ್ಲ.

ನಾಲ್ಕಕ್ಕೆ ಅಪ್ಪನ ಕೈ ಹಿಡಿದು ಬಾಗಿಲಿಗೆ ಬಂದರೆ, ಬಲೆ ಮೇಲೆ ಇದ್ದಲ್ಲೇ ಇದೆ, ಜಗಲಿಯ ತುಂಬ ಬಿಸಿಲು. ಪೂರ್ವದ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆ ಮೇಷ್ಟ್ರ ದನಿ ಬಂತು: "ಅಮ್ಮಾ, ನಿಮ್ಮ ನೆರಳು ತಪ್ಪಿಸಿಕೊಂಡು ನಮ್ಮ ಬಟ್ಟೆ ತಂತಿ ಮೇಲೆ ಬಂದು ಕೂತಿದೆ. ಯಾರನ್ನಾದ್ರೂ ಕಳಿಸ್ತೀರಾ?"

"ಕಂಬ ನೆಟ್ಟ ಬೆನ್ನು ಇನ್ನೂ ನೆಟ್ಟಗಾಗಿಲ್ಲ, ನೆರಳು ಆಗಲೇ ಊರು ಬಿಡ್ತು" ಎಂದ ಗಂಡ. ಅಪ್ಪ ನಗಲಿಲ್ಲ. "ನನಗೋಸ್ಕರ ಇದೆಲ್ಲ ಯಾಕೆ ಬೇಕಿತ್ತು" ಎಂದು ಒಳಗೆ ಹೋದರು. ಆ ವಾರವಿಡೀ ಹೊಸ್ತಿಲಿಗೂ ಬರಲಿಲ್ಲ. ಬಲಗಾಲು ನೆಲಕ್ಕೆ ಅಂಟಿಕೊಂಡಂತೆ ಎಳೆಯುವುದು ಹೆಚ್ಚಾಯಿತು. ಅದನ್ನು ಮೂವರೂ ನೋಡಿದರು.

ಆಕೆಗೆ ಬೇಸರಕ್ಕಿಂತ ಕುತೂಹಲ ಹೆಚ್ಚಾಗಿತ್ತು. ಅಳತೆ ಎಲ್ಲಿ ತಪ್ಪಿತು? ಮುಂದಿನ ರಜೆಯ ದಿನ ಹೊಲಿಗೆಯ ಸೀಮೆಸುಣ್ಣ ಹಿಡಿದು ಒಂದಕ್ಕೆ, ಎರಡಕ್ಕೆ, ಮೂರಕ್ಕೆ ನೆರಳಿನ ಅಂಚಿನ ಉದ್ದಕ್ಕೂ ಗೆರೆ ಎಳೆದಳು. ಎರಡಕ್ಕೆ ಅದು ಪೂರ್ವಕ್ಕೆ ಒಂದು ಮೊಳ ಸರಿದಿತ್ತು. ಮೂರಕ್ಕೆ ಜಗಲಿಯ ಅರ್ಧ ಬಯಲಾಗಿತ್ತು. ಇರುವೆಯನ್ನು ಹಿಂಬಾಲಿಸುವವಳಂತೆ ಮಂಡಿಯೂರಿ ಹೋಗುತ್ತಿದ್ದವಳನ್ನು ಅಪ್ಪ ಕಿಟಕಿಯಿಂದ ನೋಡುತ್ತಲೇ ಇದ್ದರು.

"ಏನು ಬಿದ್ದೋಯ್ತು?"

"ಏನೂ ಇಲ್ಲಪ್ಪ. ನೆರಳಿನ ಅಳತೆ ತಗೊಳ್ತಿದೀನಿ."

"ಓಡೋ ಗಿರಾಕಿಗೆ ಟೇಪು ಹಿಡಿದ್ಲಂತೆ!" ಅಪ್ಪನ ಮಾತು ಇನ್ನೂ ತೊದಲುತ್ತಿತ್ತು. ಕೊಂಕು ಮಾತ್ರ ಸ್ವಚ್ಛವಾಗಿತ್ತು. ಗಂಟೆ ನಾಲ್ಕಾಗುವ ಹೊತ್ತಿಗೆ ತಾವೇ ಕೇಳಿದರು: "ನನ್ನ ಬಸ್ಸಿಗೆ ಮಾಡು ಇರ್ಲಿಲ್ವಾ?"

"ಇತ್ತು."

"ಮತ್ತೆ ನಾಲ್ಕು ಗಂಟೆ ಟ್ರಿಪ್ಪಲ್ಲಿ ಕಣ್ಣಿಗೆ ಯಾಕೆ ಹೊಡೀತಿತ್ತು ಬಿಸಿಲು?"

ಆಕೆಗೆ ನೆನಪಾಯಿತು. ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಅಪ್ಪ ಸಂಜೆಯ ಟ್ರಿಪ್ಪಿಗೆ ಮುಂದಿನ ಗಾಜಿನ ಮೇಲಿಂದ ಒಂದು ದಪ್ಪ ಬಟ್ಟೆ ಇಳಿಬಿಡುತ್ತಿದ್ದರು. ಹೊತ್ತು ಇಳಿದಂತೆ ಬಿಸಿಲು ನೆತ್ತಿಯಿಂದಲ್ಲ, ಮುಖಕ್ಕೆ ಬರುತ್ತದೆ.

"ಹಾಗಾದ್ರೆ ಪಶ್ಚಿಮಕ್ಕೆ ಇನ್ನೊಂದು ಪರದೆ ಹೊಲೀಬೇಕು. ಮತ್ತೆ ಬಲೆ ತರಬೇಕು..."

"ಯಾಕೆ ತರ್ಬೇಕು? ಇರೋದನ್ನೇ ಇಳಿಸು. ಆ ಕಡೆ ಬಿಚ್ಚು."

ಆಕೆ ಸ್ಟೂಲ್ ಹತ್ತಿ ಪಶ್ಚಿಮದ ಕಂಬಕ್ಕೆ ಕೈ ಹಾಕಿದಳು.

"ಅದಲ್ಲ! ಆ ಕಡೆ!" ಅಪ್ಪ ಎತ್ತಲು ಹೋದದ್ದು ಬಲಗೈ, ಅದು ಏಳಲಿಲ್ಲ. "ಅಯ್ಯೋ, ಅಲ್ಲವೇ... ಅದನ್ನ ಬಿಚ್ಚಿದ್ರೆ ಮೇಷ್ಟ್ರ ತಲೆ ಮೇಲೆ ಬೀಳುತ್ತೆ!"

"ಯಾವ ಕಡೆ ಅಂತ ಸರಿಯಾಗಿ ಹೇಳಪ್ಪ!"

ಕಿಟಕಿಯಲ್ಲಿ ಮುಖ ಇರಲಿಲ್ಲ. ಊರುಗೋಲಿನ ಸದ್ದು ಅಡುಗೆಮನೆ ದಾಟಿತು. ಆಕೆ ಸ್ಟೂಲ್‌ನಿಂದ ಧುಮುಕಿ ಓಡಿ ಹೋಗಿ ಅವರ ಪಕ್ಕಕ್ಕೆ ನಿಂತಳು. ಅಪ್ಪ ಹೊಸ್ತಿಲು ದಾಟಿ ಬಿಸಿಲಿಗೆ ಇಳಿದರು. ಎಡಗೈಯಲ್ಲಿ ಊರುಗೋಲು, ಕಣ್ಣು ಪೂರ್ವದ ಕಂಬದ ಮೇಲೆ.

"ಅದು. ಆಮೇಲೆ ಅದು."

ಗಂಡ ಬಂದು ಪೂರ್ವದ ಎರಡೂ ಗಂಟು ಬಿಚ್ಚಿದ. ಬಲೆ ಸರ್ರನೆ ಜಾರಿ, ಪಶ್ಚಿಮದ ಹಗ್ಗದಿಂದ ಮೊಣಕಾಲಿನ ಮಟ್ಟದವರೆಗೆ ಪರದೆಯಂತೆ ಇಳಿಬಿತ್ತು. ಹಸಿರು ನೆರಳು ಜಗಲಿಯ ಅಡ್ಡಕ್ಕೆ ಹರಿದು ಅಪ್ಪನ ಎದೆ ಮುಟ್ಟಿತು, ಮುಖ ಮುಟ್ಟಿತು.

"ಆ ತುದಿಗೆ ಬಂದಿದೆಯಾ?" ಅಪ್ಪ ಕೇಳಿದರು.

"ಗೊತ್ತಿಲ್ಲಪ್ಪ."

ಗೊತ್ತಿತ್ತು. ಆದರೂ ಹಾಗೆಂದಳು.

ಅಪ್ಪ ನೋಡಲು ಹೊರಟರು. ಬಲಗಾಲು ಹಲಗೆಯನ್ನು ಕೆರೆಯಿತು, ಎದ್ದಿತು, ಮುಂದೆ ಬಿತ್ತು. ಆಕೆ ಪಕ್ಕದಲ್ಲೇ ನಡೆಯುತ್ತ ಮನಸ್ಸಿನೊಳಗೇ ಎಣಿಸಿದಳು. ಏಳಕ್ಕೆ ಅಪ್ಪ ನಿಂತು ಉಸಿರು ತಗೊಂಡರು. ಹತ್ತಕ್ಕೆ ಹಿಂದಿನ ಗೋಡೆಗೆ ಹೆಗಲು ಆನಿಸಿ, ಬಲೆಯ ಕೊನೆಯಲ್ಲಿ ಸಣ್ಣಗೆ ನುಸುಳಿದ ಬಿಸಿಲಿನ ಪಟ್ಟಿಯನ್ನು ಊರುಗೋಲಿನಿಂದ ತೋರಿಸಿದರು.

"ಇಲ್ಲಿ ಸಂದು ಬಿಟ್ಟಿದೀಯ ನೋಡು. ಹೊತ್ತು ಇಳಿದ ಹಾಗೆ ಇದು ಒಳಗೆ ನುಗ್ಗುತ್ತೆ."

"ಕುರ್ಚಿ ತರ್ತೀನಿ, ಕೂತ್ಕೊಂಡು ನೋಡು."

"ಕುರ್ಚಿ ಯಾಕೆ? ಬಾಗಿಲ ಹತ್ರ ಹೇಗಿದೆ ಅಂತ ಇನ್ನೂ ನೋಡಿಲ್ಲ" ಎಂದು ಅಪ್ಪ ಗೋಡೆಯಿಂದ ಹೆಗಲು ತೆಗೆದು ಈ ಕಡೆಗೆ ತಿರುಗಿದರು.