ಕೆಂಪು ಚೌಕದಲ್ಲಿ ಏನು ಬರೆದಿತ್ತು?

ಮೊಬೈಲ್ ಹಿಡಿದು ಒಂದು ಕೆಲಸಕ್ಕೆ ಕೂರುವುದು, ಕೊನೆಗೆ ಆ ಕೆಲಸ ಆಯಿತೋ ಇಲ್ಲವೋ ತಿಳಿಯದೆ ಕಣ್ಣು ಕಣ್ಣು ಬಿಡುವುದು ಈಗ ಮನೆಮನೆಯ ಮಾತು. ಬಣ್ಣಗಾರನ ಮನೆಯಲ್ಲೂ ಅದೇ ನಡೆದಿತ್ತು.

ನೂಲಿಗೆ ಬಣ್ಣ ಹಾಕುವುದು ಅವನ ಕಸುಬು. ಅಂಗಳದಲ್ಲಿ ಹಂಡೆಗಳು, ಹಗ್ಗದ ಮೇಲೆ ತೊಟ್ಟಿಕ್ಕುವ ನೂಲಿನ ಲಡಿಗಳು. ಎಷ್ಟು ತಿಕ್ಕಿದರೂ ಅವನ ಮೊಣಕೈವರೆಗಿನ ನೀಲಿ ಹೋಗುತ್ತಿರಲಿಲ್ಲ. ಬಣ್ಣ ಕುದಿಸುವವನು ಅವನು. ಇಷ್ಟು ಸಾಕು, ಇದಕ್ಕೆ ಇನ್ನೊಂದು ಮುಳುಗು ಬೇಕು ಎಂದು ಹೇಳುವವಳು ಹೆಂಡತಿ. ಅವಳು ಹೂಂ ಎನ್ನದೆ ಒಂದು ಲಡಿಯೂ ಮನೆಯಿಂದ ಹೊರಗೆ ಹೋದದ್ದಿಲ್ಲ. ಅಂಥವಳ ಕಣ್ಣಿಗೆ ಈಗ ಪೊರೆ ಬಂದಿತ್ತು. ಎಲ್ಲ ಬಣ್ಣವೂ ಹೊಗೆ ಹಿಡಿದ ಗೋಡೆಯ ಹಾಗೆ ಕಾಣುತ್ತದೆ ಎನ್ನುತ್ತಿದ್ದಳು. ಮೊನ್ನೆ ಕಂದು ನೂಲನ್ನು ಕೈಯಲ್ಲಿ ಹಿಡಿದು, "ಈ ಕೆಂಪು ಚೆನ್ನಾಗಿ ಬಂದಿದೆ" ಎಂದಳು. ಅವನು "ಹೌದು, ಚೆನ್ನಾಗಿದೆ" ಎಂದು ಆ ಕಡೆ ತಿರುಗಿಕೊಂಡ.

ಕಣ್ಣಿನ ಆಪರೇಷನ್ನಿಗೆ ವೆಬ್ ಪುಟದಲ್ಲೇ ದಿನ ಕಾದಿರಿಸಬೇಕು ಎಂದು ಆಸ್ಪತ್ರೆಯವರು ಹೇಳಿದ್ದರು. ಅವನು ಸೊಸೆಯ ಮೊಬೈಲಿನಲ್ಲಿ ದಿನ ಆರಿಸಿದ, ಕಣ್ಣು ಪರೀಕ್ಷೆಯ ವರದಿಯ ಫೋಟೋ ಕಳಿಸಿದ. ಆಮೇಲೆ ಪುಟದ ಮೇಲೆ ಒಂದು ಕೆಂಪು ಚೌಕ ಬಂತು, ಅದರ ಕೆಳಗೆ ಒಂದು ಹಸಿರು ಚೌಕ. ಕೆಂಪು ನೋಡಿ ಅವನಿಗೆ ಜೀವ ಹಗುರಾಯಿತು. ಹಸಿರು ನೋಡಿ ಕಸಿವಿಸಿಯಾಯಿತು, ಅದೇ ವರದಿಯನ್ನು ಮತ್ತೆ ಕಳಿಸಿದ. ಮತ್ತೂ ಹಸಿರೇ ಬಂತು. ಮತ್ತೆ ಕಳಿಸಿದ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸೊಸೆಗೆ ತಲೆಬುಡ ತಿಳಿಯಲಿಲ್ಲ. "ಮಾವ, ಹಸಿರು ಬಂದ್ಮೇಲೆ ಯಾಕೆ ಮತ್ತೆ ಮತ್ತೆ ಕಳಿಸ್ತೀರಿ?"

"ಹಸಿರು ಬಂದಿದ್ದಕ್ಕೇ ಕಣಮ್ಮ. ಇನ್ನೂ ಆಗಿಲ್ಲ ಅಂತ ಅಲ್ವಾ ಅದರರ್ಥ?"

"ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಹಸಿರು ದಾರ ಕಟ್ಟಿದ ನೂಲಿನ ಕಟ್ಟನ್ನ ಯಾರಾದ್ರೂ ಮುಟ್ತಾರಾ? ಒಣಗಿಲ್ಲ ಅಂತ ಪಕ್ಕಕ್ಕಿಡ್ತಾರೆ. ಕೆಂಪು ದಾರ ಕಟ್ಟಿದ್ರೆ ಕೆಲಸ ಮುಗೀತು, ತಗೊಂಡು ಹೋಗ್ಬಹುದು."

"ಅದು ನಿಮ್ಮ ಅಂಗಳದಲ್ಲಿ. ಬೀದಿಯಲ್ಲಿ ಕೆಂಪು ದೀಪ ಬಿದ್ರೆ ನಿಲ್ಬೇಕು. ಅತ್ತೆಗೆ ಆಪರೇಷನ್ ಮಾಡಲ್ಲ ಅಂತಿರ್ಬೇಕು."

ಬಣ್ಣಗಾರ ಮೊಬೈಲನ್ನು ಕಣ್ಣಿನ ಹತ್ತಿರಕ್ಕೆ ತಂದ. ಅಷ್ಟರಲ್ಲಿ ಪುಟದ ಮೂಲೆಯಲ್ಲಿ ಹಳದಿ ಚೌಕವೊಂದು ಮಿಣುಕತೊಡಗಿತು. ಅದರ ಮೇಲೊಂದು ಗಂಟೆಯ ಚಿತ್ರ.

"ಇದೇ ಇರ್ಬೇಕು ಮಾವ, ಕರೀತಾ ಇದೆ. ಒತ್ಲಾ?"

"ತಾಳು ತಾಳು. ಹಳದಿ ಅಂದ್ರೆ ಏನು?"

"ನಿಮ್ಮಲ್ಲಿ ಏನು?"

"ನಮ್ಮಲ್ಲಿ ಹಳದಿ ಇಲ್ಲ."

ಒಳಗೆ ಮಂಚದ ಮೇಲೆ ಕೂತಿದ್ದ ಹೆಂಡತಿ ಕೇಳಿದಳು, "ಏನು ಬರ್ದಿದೆ ಅಂತ ಓದ್ರಿ."

ಯಾರೂ ಓದಲಿಲ್ಲ. "ಎಲ್ಲಿಂದ ಓದೋದು ಅತ್ತೆ? ಅರ್ಧ ಪುಟದ ಸಾಲುಗಳಿಗೂ ಹಳದಿ ಬಳಿದಿದ್ದಾರೆ. ಎಲ್ಲಾನೂ ಮುಖ್ಯ ಅಂದ್ರೆ ಯಾವುದನ್ನ ಹಿಡ್ಕೊಳ್ಳೋದು?" ಎಂದು ಸೊಸೆ ಪುಟವನ್ನು ಮೇಲೆ ಕೆಳಗೆ ಸರಿಸಿದಳು.

ಆ ಹೊತ್ತಿಗೆ ಬಣ್ಣಗಾರನ ತಮ್ಮನ ಮಗಳು ನೂಲು ಒಯ್ಯಲು ಬಂದಳು. ವೆಬ್ ಪುಟ ಕಟ್ಟುವುದೇ ಅವಳ ಉದ್ಯೋಗ. ಚಪ್ಪಲಿ ಬಿಡುವ ಮೊದಲೇ ದೊಡ್ಡಪ್ಪ ಮೊಬೈಲನ್ನು ಅವಳ ಮುಖಕ್ಕೆ ಹಿಡಿದ.

ಅವಳು ಓದಿದಳು. ಮುಖ ಗಂಭೀರವಾಯಿತು.

"ದೊಡ್ಡಪ್ಪ, ಹಸಿರಿನಲ್ಲಿ ಇರೋದು ಇಷ್ಟು. 'ವರದಿ ತಲುಪಿದೆ. ಮತ್ತೆ ಕಳಿಸಬೇಕಾಗಿಲ್ಲ.' ಕೆಂಪಿನಲ್ಲಿ ಇರೋದು ಕೇಳಿ. 'ನೀವು ಆರಿಸಿದ ದಿನ ಇನ್ನೂ ಖಚಿತವಾಗಿಲ್ಲ. ಇಂದು ಸಂಜೆಯೊಳಗೆ ಕೆಳಗಿನ ಗುಂಡಿ ಒತ್ತದಿದ್ದರೆ ಈ ದಿನವನ್ನು ಬೇರೆಯವರಿಗೆ ಕೊಡಲಾಗುವುದು.'"

"ಆ ಹಳದಿ ಚೌಕ?"

"ಕನ್ನಡಕದ ಅಂಗಡಿಯ ಜಾಹೀರಾತು. ಗಂಟೆ ಚಿತ್ರ ಹಾಕಿದ್ರೆ ಜನ ಒತ್ತುತ್ತಾರೆ ಅಂತ ಹಾಕಿರ್ತಾರೆ."

ಹೊರಗೆ ಆಗಲೇ ಇಳಿಬಿಸಿಲು ಗೋಡೆ ಹತ್ತಿತ್ತು. ಆದರೂ ಬಣ್ಣಗಾರ ಗುಂಡಿಯ ಹತ್ತಿರ ಬೆರಳು ತರಲಿಲ್ಲ. "ಹಳದಿ ಸುಳ್ಳು ಅಂತೀಯ. ಕೆಂಪು ನಿಜ ಅಂತೀಯ. ಎರಡೂ ಒಂದೇ ಪುಟದಲ್ಲಿವೆ. ನನಗೆ ಹೇಗೆ ಗೊತ್ತಾಗ್ಬೇಕು ಮಗಳೇ? ಇಷ್ಟು ವರ್ಷ ಬಣ್ಣದಲ್ಲೇ ಬದುಕಿದವನು ನಾನು. ನನಗೇ ಬಣ್ಣ ಮೋಸ ಮಾಡಿದ್ರೆ ಹೇಗೆ?"

ಅವಳು ಅಂಗಳದ ಹಗ್ಗದ ಕಡೆ ನೋಡಿದಳು. ಆಮೇಲೆ ಕೇಳಿದಳು, "ದೊಡ್ಡಪ್ಪ, ನಮ್ಮಪ್ಪನಿಗೆ ಕೆಂಪು ಹಸಿರು ಎರಡೂ ಒಂದೇ ಥರ ಕಾಣ್ತಿತ್ತಲ್ಲ. ಇದೇ ಅಂಗಳದಲ್ಲಿ ಹೇಗೆ ಕೆಲಸ ಮಾಡಿದ್ರು?"

ಉತ್ತರ ಒಳಗಿನಿಂದ ಬಂತು. "ಗಂಟು ಕಣೇ. ಆದ ಕಟ್ಟಿಗೆ ಬಿಗಿ ಗಂಟು, ಆಗದ್ದಕ್ಕೆ ಸಡಿಲ ಕುಣಿಕೆ. ನಿಮ್ಮಪ್ಪನಿಗೋಸ್ಕರ ನಿಮ್ಮ ದೊಡ್ಡಪ್ಪನೇ ಶುರು ಮಾಡಿದ್ದು. ನಾನೂ ಈಗ ಅದನ್ನೇ ಸವರಿ ನೋಡಿ ಕಟ್ಟು ಎತ್ತಿಡೋದು."

ಬಣ್ಣಗಾರ ತಿರುಗಿ ಹೆಂಡತಿಯನ್ನು ನೋಡಿದ. ಬೆಳಿಗ್ಗೆ ಅವಳು ಒಂದು ಕಟ್ಟೂ ತಪ್ಪದೆ ಬೇರೆ ಮಾಡಿ ಇಟ್ಟಿದ್ದಳು. ಕಣ್ಣು ಅಷ್ಟೇನೂ ಕೆಟ್ಟಿಲ್ಲ ಎಂದು ಅವನು ಸಮಾಧಾನಪಟ್ಟುಕೊಂಡಿದ್ದ.

"ದಾರದ ಬಣ್ಣ ನಿನಗೆ ಕಾಣೋದೇ ಇಲ್ವಾ?"

"ಕಂಡಿದ್ರೆ ಆಗಿನಿಂದ ಓದಿ ಓದಿ ಅಂತ ಯಾಕೆ ಬಡ್ಕೋತಿದ್ದೆ?"

ತಮ್ಮನ ಮಗಳು ಮೆಲ್ಲಗೆ ಹೇಳಿದಳು, "ಪುಟದಲ್ಲಿ ಗಂಟು ಅಂದ್ರೆ ಅಕ್ಷರ, ದೊಡ್ಡಪ್ಪ. ಬಣ್ಣ ಕೂಗಿ ಕರೆಯುತ್ತೆ, ಅಷ್ಟೇ. ಏನಾಗಿದೆ ಅಂತ ಅಕ್ಷರ ಹೇಳ್ಬೇಕು. ಹಳದಿಯಲ್ಲಿ ನಿಮ್ಮ ದಿನದ ಮಾತಿದೆಯಾ? ಇಲ್ಲ. ಕೆಂಪಿನಲ್ಲಿ ಮೇಲ್ಗಡೆ ದೊಡ್ಡಮ್ಮನ ಹೆಸರಿದೆ, ನೀವು ಆರಿಸಿದ ದಿನ ಇದೆ." ಆಮೇಲೆ ಸ್ವಲ್ಪ ನಾಚಿಕೆಯಿಂದ ಸೇರಿಸಿದಳು, "ನಾನೂ ನನ್ನ ಪುಟಗಳಲ್ಲಿ ಬರೀ ಕೆಂಪು ಬಳಿದು ಬಿಡ್ತೀನಿ. ಅಪ್ಪ ನೋಡಿದ್ರೆ ಏನು ಮಾಡ್ತಿದ್ರು ಅಂತ ಯೋಚನೇನೇ ಮಾಡಿಲ್ಲ."

ಬಣ್ಣಗಾರ ನೀಲಿ ಬೆರಳನ್ನು ಪಂಚೆಗೆ ಒರೆಸಿಕೊಂಡು ಗುಂಡಿ ಒತ್ತಿದ. ಕೆಂಪು ಚೌಕ ಮಾಯವಾಯಿತು. ಆ ಜಾಗದಲ್ಲಿ ಹೊಸದೊಂದು ಮೂಡಿತು.

"ಅಯ್ಯೋ, ಹಸಿರು ಬಂತು" ಎಂದ, ಅಭ್ಯಾಸ ಬಲದಿಂದ.

"ಬಣ್ಣ ಹೇಳ್ಬೇಡಿ" ಎಂದಳು ಹೆಂಡತಿ. "ಓದಿ."

ಅವನು ಕನ್ನಡಕ ಏರಿಸಿ, ಅಕ್ಷರ ಅಕ್ಷರ ಕೂಡಿಸಿ ಓದಿದ. "ನಿಮ್ಮ... ದಿನ... ಖಚಿತವಾಗಿದೆ."

"ಇನ್ನೊಂದ್ಸಲ ಓದಿ."

ಇನ್ನೊಂದು ಸಲ ಓದಿದ. ಈ ಸಲ ತಡವರಿಸಲಿಲ್ಲ.

ಇದನ್ನು ಓದುತ್ತಿರುವ ಅಣ್ಣ ಅಕ್ಕಂದಿರೇ, ಮೊಬೈಲಿನ ಪುಟದಲ್ಲಿ ಬಣ್ಣದ ಚೌಕ ಎದ್ದು ನಿಂತಾಗ ಹೆದರಬೇಡಿ, ಹಿಗ್ಗಲೂ ಬೇಡಿ. ಒತ್ತುವ ಮೊದಲು ಒಂದು ಸಲ ಗಟ್ಟಿಯಾಗಿ ಓದಿ. ಅದು ನಿಮ್ಮ ಕೆಲಸದ ಮಾತೋ, ಯಾರದೋ ವ್ಯಾಪಾರದ ಮಾತೋ ನೋಡಿ. ಓದಲು ಬಾರದಿದ್ದರೆ ನಂಬಿಕೆಯವರಿಂದ ಓದಿಸಿ. ಅದರಲ್ಲಿ ಕೀಳೇನೂ ಇಲ್ಲ. ಪುಟ ಕಟ್ಟುವ ಮಕ್ಕಳೇ, ನಿಮಗೂ ಒಂದು ಮಾತು. ಇಡೀ ಪುಟಕ್ಕೆ ಹಳದಿ ಬಳಿಯಬೇಡಿ, ನಿಜವಾಗಿ ಬೇಕಾದ ಸಾಲೊಂದನ್ನು ಎತ್ತಿ ತೋರಿಸಿ. ಚೌಕದ ನೆತ್ತಿಯ ಮೇಲೆ 'ಕೆಲಸ ಆಗಿದೆ', 'ಇನ್ನೂ ಆಗಿಲ್ಲ' ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ನಿಮ್ಮ ಬಣ್ಣ ಕಾಣದವರು ಎಷ್ಟೋ ಮನೆಗಳಲ್ಲಿ, ಮಂಚದ ಮೇಲೆ ಕೂತು, ಏನು ಬರೆದಿದೆ ಎಂದು ಕೇಳುತ್ತಿರುತ್ತಾರೆ. ಅವರಿಗೂ ಒಂದು ಗಂಟು ಹಾಕಿಡಿ.